ರೇಡಿಯೋದಲ್ಲಿ ಕೇಳಿದ ೞ: ಗೆಳೆಯನಿಗೊಂದು ಪತ್ರ

ಮಾರಾಯ,

ಮೊನ್ನೆ ಫೋನಲ್ಲಿ ಗಡಿಬಿಡಿಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ, ಈಗ ಕೂತು ಬರೀತಿದ್ದೇನೆ. ಶನಿವಾರ ಸಂಜೆ ಇಲ್ಲಿ ಉಡುಪಿಯಲ್ಲಿ ಹಿಡಿದ ಮಳೆ ಬಿಡ್ಲೇ ಇಲ್ಲ, ಏಳು ಗಂಟೆಗೆ ಹೋದ ಕರೆಂಟ್ ಬರ್ಲೂ ಇಲ್ಲ, ಮೊಬೈಲ್ ಚಾರ್ಜೂ ಖಾಲಿ. ಅಮ್ಮ ಕಪಾಟಿಂದ ಅಪ್ಪನ ಟ್ರಾನ್ಸಿಸ್ಟರ್ ತೆಗೆಸಿದ್ರು. ಟಾರ್ಚಿನ ಸೆಲ್ ತೆಗ್ದು ಅದಕ್ಕೆ ಹಾಕಿ ತಿರುಗಿಸಿದ್ರೆ 100.3ರಲ್ಲಿ ಮಂಗಳೂರು ಆಕಾಶವಾಣಿ ಸಿಕ್ತು. 1976ರಲ್ಲಿ ಈ ಸ್ಟೇಷನ್ ಶುರುವಾಗುವಾಗ ಅಮ್ಮ ಹೈಸ್ಕೂಲಲ್ಲಿ ಇದ್ರಂತೆ.

ಯಾರೋ ರಿಟೈರ್ಡ್ ಕನ್ನಡ ಮೇಷ್ಟ್ರ ಭಾಷಣ ಬರ್ತಿತ್ತು, ಹೆಸರು ಹೇಳುವಾಗ ನಾನು ಚಿಮಣಿ ಹಚ್ಚುತ್ತಿದ್ದೆ, ಕೇಳಿಸ್ಲಿಲ್ಲ. ವಿಷಯ ಎಂತ ಗೊತ್ತುಂಟಾ? ೞ! ಹಳಗನ್ನಡದ ಆ ಅಕ್ಷರ, ನಾವು ಪಿಯುಸಿಯಲ್ಲಿ ಳ ಅಂತ ಓದಿ ಮುಂದೆ ಹೋಗ್ತಿದ್ವಲ್ಲ, ಅದೇ. ಮೇಷ್ಟ್ರು ಮೈಕಿನ ಹತ್ರ ಬಂದು ನಾಲಿಗೆ ತುದಿ ಹಿಂದಕ್ಕೆ ಮಡಚಿ, ಬಾಯಿಯ ಅಂಗುಳಕ್ಕೆ ತಾಗಿಸದೆ, ಬಾೞೆ, ಕೋೞಿ, ಪುೞು ಅಂತ ನಿಧಾನಕ್ಕೆ ಒಂದೊಂದೇ ಹೇಳಿದ್ರು. ರವೂ ಅಲ್ಲ ಳವೂ ಅಲ್ಲ, ಎರಡರ ನಡುವೆ ಎಲ್ಲೋ. ನಾನು ಜೀವಮಾನದಲ್ಲಿ ಅದನ್ನ ಕಿವಿಯಲ್ಲಿ ಕೇಳಿದ್ದು ಅದೇ ಮೊದಲು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದ ಪುಸ್ತಕ ಶಬ್ದಮಣಿದರ್ಪಣದಲ್ಲಿ ಯಾವ ಶಬ್ದಕ್ಕೆ ೞ ಅಂತ ಪಟ್ಟಿ ಮಾಡಿಟ್ಟಿದ್ದಾನೆ ಅಲ್ವಾ, ಆಗ್ಲೇ ಜನ ಅದನ್ನ ಳ ಜೊತೆ ಬೆರೆಸ್ಲಿಕ್ಕೆ ಶುರು ಮಾಡಿದ್ರಿಂದ ಪಾಪ ಬರೆದಿಡಬೇಕಾಯ್ತು. ಆಮೇಲೆ ಕನ್ನಡದಲ್ಲಿ ಅದು ಳ ಆಯ್ತು, ತುಳುವಿನಲ್ಲಿ ರ ಆಯ್ತು: ಬಾಳೆಗೆ ಬಾರೆ, ಕೋಳಿಗೆ ಕೋರಿ, ಹುಳಕ್ಕೆ ಪುರಿ.

ಅಮ್ಮ ಹಲಸಿನ ಬೀಜ ಸುಲೀತಿದ್ದವರು ಕೈ ನಿಲ್ಲಿಸಿ, ರೇಡಿಯೋದ ಹಿಂದೆಯೇ "ಬಾರೆ... ಬಾರೆ..." ಅಂತ ಹೇಳಿ ನೋಡಿದ್ರು. ದಿನಾ ನೂರು ಸಲ ಆಡುವ ಶಬ್ದ ಮಾರಾಯ, ಅದನ್ನ ಹೊಸತಾಗಿ ನಾಲಿಗೆ ಮೇಲೆ ಇಟ್ಟು ನೋಡುವ ಹಾಗೆ. ನನಗೆ ಎದೆ ತುಂಬಿ ಬಂತು.

ಆಮೇಲೆ ವಾರ್ತೆ ಅದು ಇದು ಆಗಿ ವೀಣೆ ಕಛೇರಿ. ತೋಡಿ ರಾಗ ಎತ್ತಿಕೊಂಡ್ರು. ಹೊರಗೆ ಹಂಚಿನ ಮೇಲೆ ಮಳೆ, ನಾನು ಕಿವಿಯನ್ನ ಸ್ಪೀಕರಿಗೇ ಇಟ್ಟಿದ್ದೆ. ತೋಡಿಯ ಗಾಂಧಾರ, ಅಂದ್ರೆ ಸರಿಗಮದ 'ಗ' ಸ್ವರ, ಒಂದು ಕಡೆ ನಿಲ್ಲುವುದಿಲ್ಲ ನೋಡು, ಅಕ್ಕಪಕ್ಕದ ರಿಷಭ ಮಧ್ಯಮದ ನಡುವೆ ತೂಗ್ತಾ ಇರ್ತದೆ. ವೀಣೆಯವರು ತಂತಿಯನ್ನ ಅದರ ಕೆಳಗಿನ ಲೋಹದ ಮೆಟ್ಟಿನ ಮೇಲೆ ಪಕ್ಕಕ್ಕೆ ಎಳೆದು ಬಿಡ್ತಾರಲ್ಲ, ಆ ಎಳೆತದ ಸದ್ದೂ ಕೇಳ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಬರೆಯುವುದು ಬರೀ 'ಗ'. ಅಮ್ಮ ಸಣ್ಣವರಿರುವಾಗ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸ್ತಿದ್ದವರು, "ಇದು ನನ್ನ ಪೆಟ್ಟಿಗೆಯಲ್ಲಿ ಬರ್ತಿರ್ಲಿಲ್ಲ, ಬೆರಳಲ್ಲಿ ಒತ್ತುವ ಮನೆ ಇದ್ದಲ್ಲೇ ಇರ್ತದಲ್ಲ" ಅಂದ್ರು. ಆ ಕಾರಣಕ್ಕೇ ಅಲ್ವಾ ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಮ್ಮನ್ನೇ ದೂರ ಇಟ್ಟದ್ದು, 1971ರವರೆಗೂ. ಭಜನೆಯವರಿಗೆ, ನಾಟಕದವರಿಗೆ ಅನ್ನ ಕೊಟ್ಟ ವಾದ್ಯ ಅದು, ಹಾಗೆ ಮಾಡಬಾರದಿತ್ತು ಅಂತ್ಲೇ ನಾನು ಹೇಳ್ತೇನೆ. ಆದ್ರೆ ಆ ಗಾಂಧಾರ ಕೇಳಿದ ಮೇಲೆ ಅವರಿಗೆ ಯಾಕೆ ಹಾಗೆ ಅನ್ನಿಸಿತು ಅಂತ ಅರ್ಥ ಆಯ್ತು.

ಒಂದೇ ಸಂಜೆ ಎರಡು ಸಲ ಹೀಗಾಯ್ತು ನೋಡು, ಬರಹಕ್ಕೆ ಸಿಗದ್ದು ಕಿವಿಗೆ ಸಿಕ್ಕಿದ್ದು. ರಾತ್ರಿ ಮಲಗುವಾಗ್ಲೂ ನಾನು ಕತ್ತಲಲ್ಲಿ ನಾಲಿಗೆ ಮಡಚಿ ಮಡಚಿ ನೋಡ್ತಿದ್ದೆ, ಬರ್ಲೇ ಇಲ್ಲ, ಪ್ರತಿ ಸಲ ಳಕ್ಕೇ ಹೋಗಿ ತಾಗ್ತದೆ.

ತಮಿಳು ಮಲಯಾಳದಲ್ಲಿ ಅದು ಈಗ್ಲೂ ಜೀವಂತ ಉಂಟು ಅಂತ ಮೇಷ್ಟ್ರು ಹೇಳಿದ ಕೂಡ್ಲೇ ನಿನ್ನ ನೆನಪಾಯ್ತು, ಕೊಚ್ಚಿಯಲ್ಲಿ ನೀನು ದಿನಾ ಕೇಳ್ತೀಯಲ್ಲ. ನಿಮ್ಮ ಕೆಳಗಿನ ಮನೆಯ ಚೇಚಿ ಹತ್ರ ಬಾಳೆಗೆ ಅವರು ಹೇಳುವ 'ವಾೞ' ಅಂತ ಒಂದು ಸಲ ನಿಧಾನಕ್ಕೆ ಹೇಳಿಸಿ ವಾಯ್ಸ್ ಮೆಸೇಜ್ ಕಳಿಸು, ಆಯ್ತಾ? ಅಮ್ಮ ದಿನಾ ಬೆಳಿಗ್ಗೆ ಕೇಳ್ತಿದ್ದಾರೆ, ಬಂತಾ ಬಂತಾ ಅಂತ.

ನಿನ್ನ ಗೆಳೆಯ