ಆ ಹನ್ನೊಂದು ಪ್ರಶ್ನೆಗಳು

ಪ್ರೀತಿಯ ಮಗಳೇ,

ನಿನ್ನ ಮೇಲ್ ಓದಿದೆ, ನಿನ್ನ ಸಂಶೋಧನಾ ಪೇಪರ್ ಓದಿದೆ, ಸಿಟ್ಟಿನಲ್ಲಿ ಅದರ ಬೆನ್ನಿಗೇ ನೀನು ಕಳಿಸಿದ, ಜರ್ನಲ್ ಪರವಾಗಿ ಪೇಪರನ್ನು ಪರಿಶೀಲಿಸಿದ ರಿವ್ಯೂಯರ್‌ಗಳ ಟಿಪ್ಪಣಿಗಳನ್ನೂ ಓದಿದೆ. "ಡಿಗ್ರಿ ವಿದ್ಯಾರ್ಥಿಗಳೇ ನಡೆಸುವ ಜರ್ನಲ್ ಕೂಡ ನನ್ನದನ್ನು ವಾಪಸ್ ಕಳಿಸಿತು, ಇನ್ನೇನು ಬರೆಯಲಿ" ಎಂದು ಕೇಳಿದ್ದೀಯ. ವಾಪಸ್ ಎಲ್ಲಿ ಕಳಿಸಿದ್ದಾರೆ ಮಾರಾಯ್ತಿ? ತಿದ್ದಿ ಮತ್ತೆ ಕೊಡು ಅಂದಿದ್ದಾರೆ. ಹನ್ನೊಂದು ಪ್ರಶ್ನೆ ಕೇಳಿದ್ದಾರೆ. ನಿನ್ನ ಬರಹವನ್ನು ಇಷ್ಟು ಗಮನವಿಟ್ಟು ಇದುವರೆಗೆ ಯಾರಾದರೂ ಓದಿದ್ದುಂಟಾ?

ಸಾರಾಂಶ ಎಷ್ಟು ಪದ ಇರಬೇಕು, ಉಲ್ಲೇಖ ಯಾವ ಶೈಲಿಯಲ್ಲಿ ಕೊಡಬೇಕು ಎಂದೆಲ್ಲ ಕೇಳಿದ್ದೀಯ. ಅದು ಜರ್ನಲ್‌ನ ಸೂಚನೆಗಳಲ್ಲೇ ಇರುತ್ತದೆ. ಅರ್ಥವಾಗದಿದ್ದರೆ ಲೈಬ್ರರಿಗೆ ಹೋಗಿ ಕೇಳು, ಅರ್ಧ ಗಂಟೆಯ ಕೆಲಸ. ನನಗೆ ಹೇಳಬೇಕಾದದ್ದು ಬೇರೆ ಇದೆ.

ನಿನ್ನ ಗೆಳತಿಯ ಪೇಪರ್ ಮೂರೇ ದಿನದಲ್ಲಿ ಒಪ್ಪಿಗೆಯಾಯಿತು, ಸಂಪಾದಕರು "ಅತ್ಯುತ್ತಮ ಕೊಡುಗೆ" ಎಂದು ಬರೆದರು, ಆಮೇಲೆ ಪ್ರಕಟಣಾ ಶುಲ್ಕ ಕೇಳಿದರು ಎಂದಿದ್ದೀಯ. ಅದನ್ನು ಬರೆಯುವಾಗ ನಿನಗೆ ಒಳಗೊಳಗೇ ಹೊಟ್ಟೆಕಿಚ್ಚು ಇತ್ತು, ಸಾಲಿನಲ್ಲೇ ಗೊತ್ತಾಗುತ್ತದೆ. ಮೂರು ದಿನದಲ್ಲಿ ಅದನ್ನು ಯಾರೂ ಓದಿಲ್ಲ. ಓದದೆ ಹೊಗಳಿದ್ದಾರೆ, ಹೊಗಳಿದ್ದಕ್ಕೆ ಬಿಲ್ ಕಳಿಸಿದ್ದಾರೆ. ಶುಲ್ಕ ಕೇಳುವ ಜರ್ನಲ್‌ಗಳೆಲ್ಲ ಮೋಸವಲ್ಲ, ಕೆಲವು ಗಟ್ಟಿಯಾಗಿಯೇ ರಿವ್ಯೂ ಮಾಡುತ್ತವೆ. ಆದರೆ ಒಂದೂ ಪ್ರಶ್ನೆ ಕೇಳದೆ ಬರುವ ಶಹಬ್ಬಾಸ್‌ಗಿರಿಯನ್ನು ನಾನು ಈ ವಯಸ್ಸಿನಲ್ಲೂ ನಂಬುವುದಿಲ್ಲ.

ಈಗ ನಿನ್ನ ಪ್ರಶ್ನೆಗಳನ್ನೇ ನೋಡು. ಎರಡನೆಯದು: "ಸಮೀಕ್ಷೆಗೆ ಉತ್ತರಿಸಿದವರೆಲ್ಲ ನಿಮ್ಮ ತರಗತಿಯವರೇ. ಹಾಗಿದ್ದರೆ 'ವಿದ್ಯಾರ್ಥಿಗಳು ತಡರಾತ್ರಿಯವರೆಗೆ ಫೋನ್ ನೋಡುತ್ತಾರೆ' ಎಂದು ಹೇಗೆ ಬರೆದಿರಿ?" ಇದನ್ನು ಕೇಳಿದ್ದು ಬಹುಶಃ ನಿನ್ನದೇ ವಯಸ್ಸಿನ ಹುಡುಗನೋ ಹುಡುಗಿಯೋ. ಎಷ್ಟು ಚಂದದ ಪ್ರಶ್ನೆ! ಏಳನೆಯದು ಅದಕ್ಕಿಂತ ಹರಿತ: "ಈ ಮಾತನ್ನು ನೀವು ಉಲ್ಲೇಖಿಸಿದ ಲೇಖಕರು ಸ್ವತಃ ಇನ್ನೊಬ್ಬರಿಂದ ಎತ್ತಿಕೊಂಡಿದ್ದಾರೆ. ಮೂಲ ಪೇಪರ್ ನೋಡಿದ್ದೀರಾ?" ಇದು ಲೈಬ್ರರಿಯವರ ಪ್ರಶ್ನೆ, ನಾನು ಪಣ ಕಟ್ಟುತ್ತೇನೆ. ನನ್ನ ಬರಹಗಳಿಗೆ ಸಿಕ್ಕ ಅತ್ಯಂತ ಒಳ್ಳೆಯ ಓದುಗರು ಒಬ್ಬ ಗ್ರಂಥಪಾಲಕಿ. ಒಮ್ಮೆಯೂ "ಚೆನ್ನಾಗಿದೆ" ಅಂದವರಲ್ಲ. ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು "ಇದು ಎಲ್ಲಿದೆ, ತೋರಿಸಿ" ಅನ್ನುತ್ತಿದ್ದರು. ಭಾಷಣಗಳಲ್ಲಿ ನನ್ನನ್ನು ಹೊಗಳಿದವರ ಒಂದು ಮಾತೂ ನೆನಪಿಲ್ಲ. ಆಕೆಯ ಬೆರಳು ನೆನಪಿದೆ.

ನಿನ್ನ ಗೈಡ್ ವಿಷಯಕ್ಕೆ ಬರೋಣ. ಕೊನೆಯ ಎರಡು ಪುಟ ನಿನ್ನದಲ್ಲ, ಅಲ್ಲವಾ? ಅಲ್ಲಿಯವರೆಗೆ ಸಣ್ಣ ಸಣ್ಣ ವಾಕ್ಯಗಳಲ್ಲಿ ನೆಟ್ಟಗೆ ನಡೆದವಳು ಇದ್ದಕ್ಕಿದ್ದಂತೆ "ಬಹುಆಯಾಮದ ಪರಿಪ್ರೇಕ್ಷ್ಯ" ಎನ್ನತೊಡಗುತ್ತೀಯ. ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೂ ವಿದ್ಯಾರ್ಥಿ ಜರ್ನಲ್‌ನಲ್ಲಿ ಮೇಷ್ಟ್ರ ಕೆಲಸ ಬೇರೆ: ಆ ವಿಷಯ ಬಲ್ಲ ರಿವ್ಯೂಯರ್ ಹುಡುಕಿಕೊಡುವುದು, ಅವಮಾನ ಮಾಡದೆ ಪ್ರಶ್ನೆ ಕೇಳುವುದು ಹೇಗೆಂದು ಎಳೆಯ ಸಂಪಾದಕರಿಗೆ ಕಲಿಸುವುದು, ನಿರ್ಧಾರದ ಹೊತ್ತಿಗೆ ಹಿಂದೆ ಸರಿಯುವುದು. ಒಬ್ಬ ಮೇಷ್ಟ್ರನ್ನು ಬಲ್ಲೆ, ಹೆಸರು ಬೇಡ. ವಿದ್ಯಾರ್ಥಿಯ ಪೇಪರನ್ನು ಎಲ್ಲರೆದುರು ಹಾಡಿ ಹೊಗಳಿದರು, ಪ್ರಕಟವಾದಾಗ ಮೊದಲ ಹೆಸರು ಅವರದಿತ್ತು. ಆ ಹುಡುಗ ಮತ್ತೆ ಬರೆಯಲಿಲ್ಲ. ನಾನು ಇವತ್ತಿಗೂ ಆ ಮನುಷ್ಯನನ್ನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

"ವಿದ್ಯಾರ್ಥಿಗಳ ಜರ್ನಲ್ ತಾನೇ, ಯಾರು ನೋಡುತ್ತಾರೆ" ಎಂದೂ ಬರೆದಿದ್ದೀಯ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ನಾನು ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಪತ್ರಿಕೆಯ ಸಂಚಿಕೆಗಳು ವಿಭಾಗದ ವೆಬ್ ಪುಟದಲ್ಲಿದ್ದವು. ಒಂದು ರಜೆಯಲ್ಲಿ ವೆಬ್‌ಸೈಟ್ ಹೊಸದಾಯಿತು, ಹಳೆಯದೆಲ್ಲ ಹೋಯಿತು. ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಡಿಗ್ರಿ ಮುಗಿಸಿ ಹೋಗಿಯಾಗಿತ್ತು. ಯಾರನ್ನು ಕೇಳಿದರೂ "ಬ್ಯಾಕಪ್ ಇರಬೇಕಲ್ಲ ಸರ್" ಎಂಬ ಉತ್ತರ. ಇಂಥ ಪತ್ರಿಕೆಗಳ ಶಾಪವೇ ಇದು. ಸಂಪಾದಕರು ವರ್ಷ ವರ್ಷ ಪಾಸಾಗಿ ಹೋಗುತ್ತಾರೆ, ಮೇಷ್ಟ್ರು ವರ್ಗವಾಗುತ್ತಾರೆ ಇಲ್ಲವೇ ನಿವೃತ್ತರಾಗುತ್ತಾರೆ. ಲೈಬ್ರರಿ ಅಲ್ಲೇ ಇರುತ್ತದೆ.

ನಿನ್ನ ಜರ್ನಲ್ ನಡೆಯುತ್ತಿರುವುದು ಓಪನ್ ಜರ್ನಲ್ ಸಿಸ್ಟಮ್ಸ್‌ನಲ್ಲಿ. 1998ರಲ್ಲಿ ಕೆನಡಾದ ವಿಶ್ವವಿದ್ಯಾಲಯವೊಂದರಲ್ಲಿ ಶುರುವಾದ ಯೋಜನೆಯವರು ಜರ್ನಲ್ ನಡೆಸಲೆಂದೇ ಕಟ್ಟಿ ಉಚಿತವಾಗಿ ಹಂಚಿದ ತಂತ್ರಾಂಶ ಅದು. ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿರುವವರು ಲೈಬ್ರರಿಯವರೇ. ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಗಳ ಸಂಖ್ಯೆ ಐಎಸ್‌ಎಸ್‌ಎನ್ ತಂದಿದ್ದಾರೆ, ಪ್ರತಿ ಲೇಖನಕ್ಕೂ ಡಿಒಐ ಎಂಬ ಬದಲಾಗದ ಗುರುತು-ಕೊಂಡಿ ಹಾಕಿಸುತ್ತಾರೆ, ಪ್ರತಿಗಳನ್ನು ಹಲವು ಕಡೆ ಉಳಿಸುವ ಏರ್ಪಾಡು ಮಾಡಿದ್ದಾರೆ. ಐಎಸ್‌ಎಸ್‌ಎನ್ ಇದ್ದ ಮಾತ್ರಕ್ಕೆ ಗುಣಮಟ್ಟ ಬರುವುದಿಲ್ಲ, ನಿನ್ನ ಗೆಳತಿಯ ಜರ್ನಲ್ಲಿಗೂ ಅದು ಇರಬಹುದು. ಆದರೆ ವೆಬ್ ವಿಳಾಸ ಬದಲಾದರೂ, ಹೊಸ ವಿಳಾಸವನ್ನು ದಾಖಲಿಸುತ್ತ ಹೋದರೆ, ಅದೇ ಡಿಒಐ ಒತ್ತಿದವರು ನಿನ್ನ ಪೇಪರಿಗೇ ಬಂದು ತಲುಪುತ್ತಾರೆ. ಆ ದಾಖಲಿಸುವ ಕೆಲಸ ಮಾಡುವವರ ಹೆಸರು ಯಾವ ಸಂಚಿಕೆಯ ಮುಖಪುಟದಲ್ಲೂ ಇರುವುದಿಲ್ಲ.

ಹಾಗಾಗಿ ನಿನ್ನ ಬರಹ ಸಿಗುತ್ತದೆ, ನಿನಗೆ ಬೇಡವಾದಾಗಲೂ ಸಿಗುತ್ತದೆ. ಲೇಖನದ ಹಕ್ಕು ನಿನ್ನಲ್ಲೇ ಉಳಿದರೂ, ಬೇರೆಯವರೂ ಹಂಚಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮುಂದೆ ನಿನಗೆ ಕೆಲಸ ಕೊಡುವವರು, ನಿನ್ನ ವಿದ್ಯಾರ್ಥಿಗಳು, ನಿನಗೆ ಆಗದವರು, ಎಲ್ಲರೂ ತೆರೆದು ನೋಡಬಹುದು. ಆಗ ಮೇಷ್ಟ್ರ ಹೊಗಳಿಕೆ ಪಕ್ಕದಲ್ಲಿ ಅಚ್ಚಾಗಿರುವುದಿಲ್ಲ. "ವಿದ್ಯಾರ್ಥಿಗಳು" ಎಂದು ನೀನು ಬೀಸಾಗಿ ಬರೆದದ್ದು ಮಾತ್ರ ಇರುತ್ತದೆ. ಇದನ್ನೇ ಬೆಳೆಸಿ ದೊಡ್ಡ ಜರ್ನಲ್ಲಿಗೆ ಕಳಿಸುವ ಆಸೆ ಇದ್ದರೆ ಈಗಲೇ ಗೈಡ್ ಹತ್ತಿರ ಮಾತಾಡು. ಒಮ್ಮೆ ಪ್ರಕಟವಾದದ್ದನ್ನು ಬಹಳ ಜರ್ನಲ್‌ಗಳು ಮುಟ್ಟುವುದಿಲ್ಲ.

ಮೂರನೇ ಕೋಷ್ಟಕದ ಕೆಳಗೆ "ನಮ್ಮ ಊಹೆ ಇಲ್ಲಿ ನಿಲ್ಲಲಿಲ್ಲ" ಎಂದು ಬರೆದಿದ್ದೀಯ. ನಾನು ಈ ಪತ್ರ ಬರೆಯಲು ಕೂತದ್ದೇ, ಊಹೆ ತಪ್ಪಾಯಿತೆಂದು ಒಪ್ಪಿಕೊಂಡ ಆ ಸಾಲಿಗಾಗಿ. ಸಮಾರೋಪದಲ್ಲಿ ಅದು ಕಾಣೆಯಾಗಿದೆ. ಹುಡುಕಿ ತಂದು ಹಾಕು, ಗೈಡ್ ಮುಖ ಸಿಂಡರಿಸಿದರೂ ಹಾಕು. ಹೊಗಳಿದೆ ಎಂದುಕೊಳ್ಳಬೇಡ, ಉಳಿದ ಪುಟಗಳಲ್ಲಿ ಕೆಲಸ ಬಹಳ ಇದೆ.

ಹನ್ನೊಂದಕ್ಕೂ ಒಂದೊಂದಾಗಿ ಉತ್ತರ ಬರೆ: ಏನು ಬದಲಿಸಿದೆ, ಯಾವ ಪುಟದಲ್ಲಿ. ಅವುಗಳಲ್ಲಿ ಒಂದು ಪ್ರಶ್ನೆ ತಪ್ಪು ಎಂದು ನನಗನಿಸುತ್ತದೆ. ಯಾವುದೆಂದು ಹೇಳುವುದಿಲ್ಲ. ನಿನಗೂ ಹಾಗನಿಸಿದರೆ, ಯಾಕೆ ಒಪ್ಪುವುದಿಲ್ಲವೆಂದು ಕಾರಣ ಕೊಟ್ಟು ಸಂಪಾದಕರಿಗೆ ಬರೆ. ನನಗೆ ಬರೆದು ಒಪ್ಪಿಗೆ ಕೇಳಬೇಡ.

ನಿನ್ನ ಹಿತೈಷಿ