ಬಣ್ಣ ನೋಡಿ ಬಾಗಿಲು ಹಾಕುವುದು ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧ

ಮಾನ್ಯ ಸಂಪಾದಕರೇ,

ಮಂಗಳೂರಿಗೆ, ಮಣಿಪಾಲಕ್ಕೆ ಓದಲು ಬರುವ ಆಫ್ರಿಕಾದ ಮಕ್ಕಳಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂದು ಇಲ್ಲಿ ಇರುವವರಿಗೆಲ್ಲ ಗೊತ್ತು. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಕಡೆಯಿಂದ ಓದಲು, ದುಡಿಯಲು ಬಂದವರ ಪಾಡೂ ಅದೇ. ಫೋನಿನಲ್ಲಿ ಕೇಳಿದಾಗ ಖಾಲಿ ಇದ್ದ ಮನೆ, ಮುಖ ನೋಡಿದ ಮೇಲೆ "ನಿನ್ನೆಯೇ ಕೊಟ್ಟಾಯಿತು" ಎಂದಾಗುತ್ತದೆ. ನಾನು ಎಲ್ಲ ಮನೆ ಮಾಲೀಕರಿಗೆ ಬುದ್ಧಿ ಹೇಳಲು ಹೊರಟಿಲ್ಲ. ಬಾಗಿಲ ಮೇಲೆ ಶಿಲುಬೆ ಹಾಕಿಕೊಂಡು, ಭಾನುವಾರ ತಪ್ಪದೆ ಆರಾಧನೆಗೆ ಹೋಗಿ, ಸೋಮವಾರ ಇದೇ ಉತ್ತರ ಕೊಡುವ ನನ್ನ ಕ್ರೈಸ್ತ ಬಂಧುಗಳಿಗೆ ಈ ಪತ್ರ.

ಮೈಬಣ್ಣ, ಮುಖ, ಹುಟ್ಟಿದ ನೆಲ ನೋಡಿ ಒಬ್ಬರನ್ನು ಕೀಳು ಎಂದು ಎಣಿಸುವುದನ್ನು ನಾವು ಸಣ್ಣ ತಪ್ಪು ಎಂದುಕೊಂಡಿದ್ದೇವೆ. ಹೆಚ್ಚೆಂದರೆ ಒರಟುತನ, ತಿಳಿವಳಿಕೆ ಸಾಲದು, ಅಷ್ಟೇ ಎನ್ನುತ್ತೇವೆ. ನನ್ನ ಪ್ರಕಾರ ಅದು ನಾವು ಪ್ರತಿ ವಾರ ಎದ್ದು ನಿಂತು ಹೇಳುವ ವಿಶ್ವಾಸಪ್ರಮಾಣವನ್ನೇ ಅಲ್ಲಗಳೆಯುವ ಪಾಪ. ನಮ್ಮ ಸಭೆಗಳು, ಅಂದರೆ ಚರ್ಚುಗಳು, ಅದನ್ನು ಪಾಪ ಎಂದೇ ಬಾಯಿಬಿಟ್ಟು ಹೇಳಬೇಕು.

ದೇವರು ಮನುಷ್ಯನನ್ನು ತಮ್ಮ ಸ್ವರೂಪದಲ್ಲಿ ಉಂಟುಮಾಡಿದರು ಎಂಬುದು ಸತ್ಯವೇದದ ಮೊದಲ ಅಧ್ಯಾಯದಲ್ಲೇ ಇದೆ. ಸಂಡೇ ಸ್ಕೂಲಿನ ಮಕ್ಕಳಿಗೂ ಇದು ಬಾಯಿಪಾಠ. ಆದರೂ ಕರಿಯ ಜನ ನೋಹನ ಮಗ ಹಾಮನ ಶಾಪ ಹೊತ್ತವರು ಎಂಬ ಹಳೆಯ ಮಾತನ್ನು ಇವತ್ತಿಗೂ ಹೇಳುವವರಿದ್ದಾರೆ. ಗುಲಾಮರ ವ್ಯಾಪಾರ ಮಾಡುವವರಿಗೆ ಅನುಕೂಲವಾಗಿದ್ದ ಮಾತು ಅದು. ಆದಿಕಾಂಡ 9ನೇ ಅಧ್ಯಾಯ ತೆರೆದು ನೋಡಿ. ನೋಹ ಶಪಿಸಿದ್ದು ಹಾಮನ ಮಗ ಕಾನಾನನನ್ನು. ಹಾಮನ ಇನ್ನೊಬ್ಬ ಮಗ ಕೂಷ್; ಅವನ ಮೇಲೆ ಯಾವ ಶಾಪವೂ ಇಲ್ಲ. ಮೈಬಣ್ಣದ ವಿಷಯವೇ ಅಲ್ಲಿ ಬರುವುದಿಲ್ಲ.

ಕೂಷ್ ಎಂದಾಗ ಮೋಶೆಯ ಹೆಂಡತಿಯ ನೆನಪಾಗುತ್ತದೆ. ಈಜಿಪ್ಟಿನ ದಕ್ಷಿಣಕ್ಕಿರುವ, ಅದೇ ಹೆಸರಿನ ಕೂಷ್ ಸೀಮೆಯ ಹೆಂಗಸನ್ನು ಮೋಶೆ ಮದುವೆಯಾಗಿದ್ದನು. ಸ್ವಂತ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಅದೇ ವಿಷಯ ಎತ್ತಿ ಅವನ ವಿರುದ್ಧ ಮಾತಾಡಿದರು. ದೇವರಿಗೆ ಸಿಟ್ಟು ಬಂತು. ಮಿರ್ಯಾಮಳ ಮೈ ರೋಗ ಬಂದು ಹಿಮದ ಹಾಗೆ ಬೆಳ್ಳಗಾಯಿತು, ಏಳು ದಿನ ಅವಳು ಪಾಳೆಯದ ಹೊರಗೆ ಇರಬೇಕಾಯಿತು. ಅರಣ್ಯಕಾಂಡದ 12ನೇ ಅಧ್ಯಾಯ ಇದು. ಇದರ ಮೇಲೆ ಒಂದು ಪ್ರಸಂಗ ಕೇಳಿದ ನೆನಪು ನಮ್ಮಲ್ಲಿ ಎಷ್ಟು ಜನರಿಗಿದೆ?

ಹೊಸ ಒಡಂಬಡಿಕೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅಂತಿಯೋಕ್ಯದ ಸಭೆ. ಕ್ರೈಸ್ತರು ಎಂಬ ಹೆಸರು ನಮಗೆ ಮೊದಲು ಬಂದದ್ದೇ ಆ ಊರಿನಲ್ಲಿ. ಅಲ್ಲಿ ಮುಂದಾಳುಗಳು ಯಾರಿದ್ದರು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಪಟ್ಟಿಯೇ ಇದೆ. ಕುಪ್ರದ್ವೀಪದ ಬಾರ್ನಬ, ಕರಿಯ ಎಂದೇ ಅಡ್ಡಹೆಸರಿದ್ದ ಸಿಮೆಯೋನ, ಉತ್ತರ ಆಫ್ರಿಕಾದ ಕುರೇನೆಯ ಲೂಕ್ಯ, ಅರಮನೆಯಲ್ಲಿ ಬೆಳೆದ ಮೆನಹೇನ, ತಾರ್ಸದ ಸೌಲ. ಮುಂದೆ ಪೌಲ ಎನಿಸಿಕೊಂಡ ಆ ಸೌಲನ ಮತ್ತು ಬಾರ್ನಬನ ತಲೆಯ ಮೇಲೆ ಕೈಯಿಟ್ಟು ಸುವಾರ್ತೆಗೆ ಕಳುಹಿಸಿದವರು ಇವರಲ್ಲಿ ಉಳಿದವರು.

ಅದೇ ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಎಡವಿದ. ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದವನು, ಯೆರೂಸಲೇಮಿನಿಂದ ಕೆಲವು ಯೆಹೂದ್ಯ ಕ್ರೈಸ್ತರು ಬಂದ ಕೂಡಲೇ ಅವರಿಗೆ ಹೆದರಿ ಬೇರೆ ಕೂತ. ಇದು ಒಂದು ಊಟದ ವಿಷಯ, ಅಲ್ವಾ? ಸುಮ್ನೆ ಬಿಟ್ಟುಬಿಡಬಹುದಿತ್ತು. ಪೌಲ ಬಿಡಲಿಲ್ಲ. ಎಲ್ಲರ ಮುಂದೆ, ಮುಖಕ್ಕೆ ಮುಖ ಕೊಟ್ಟು ಖಂಡಿಸಿದ. ಪೇತ್ರ ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂಬುದೇ ಅವನ ಆಕ್ಷೇಪ. ಪಂಕ್ತಿಭೇದವನ್ನು ಪೌಲ ನಡತೆಯ ಲೋಪ ಎಂದು ನೋಡಲಿಲ್ಲ, ಸುವಾರ್ತೆಗೇ ಬಂದ ಕುತ್ತು ಎಂದು ನೋಡಿದ. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ ಎಂಬ ಭೇದವಿಲ್ಲ ಎಂದು ನಾವು ಮದುವೆ ಮನೆಯಲ್ಲೂ ಹೇಳುವ ವಾಕ್ಯ ಬರುವುದು ಈ ಜಗಳವನ್ನು ಬರೆದ ಗಲಾತ್ಯದವರ ಪತ್ರಿಕೆಯಲ್ಲೇ.

ಪೇತ್ರನಿಗೆ ಬಂದ ಅಳುಕು ಮುಂದೆ ಒಂದು ದೇಶವನ್ನೇ ಸುಟ್ಟಿತು. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಡಚ್ ಸುಧಾರಿತ ಸಭೆ 1829ರಲ್ಲಿ ಕರ್ತನ ಭೋಜನದಲ್ಲಿ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವಾಗ, ಬಣ್ಣದ ಭೇದ ಮಾಡಬಾರದು ಎಂದು ತೀರ್ಮಾನಿಸಿತ್ತು. 1857ರಲ್ಲಿ ಅದೇ ಸಭೆಯ ಸಿನೊಡ್ ಎಂಬ ಆಡಳಿತ ಮಂಡಳಿ, ಕೂಡಿ ಆರಾಧಿಸುವುದೇ ಸತ್ಯವೇದಕ್ಕೆ ಸರಿಯಾದದ್ದು ಎಂದು ಒಪ್ಪಿಕೊಂಡೂ, ಕೆಲವರ ಬಲಹೀನತೆಯ ಕಾರಣ ಬಿಳಿಯರು ಬೇರೆ, ಉಳಿದವರು ಬೇರೆ ಕೂಡಿಬರಬಹುದು ಎಂದು ಒಪ್ಪಿಗೆ ಕೊಟ್ಟಿತು. ತಪ್ಪು ಎಂದು ಗೊತ್ತಿದ್ದೂ ಕೆಲವರ ಮನಸ್ಸು ನೋಯಿಸಬಾರದು ಎಂದು ದಾರಿ ಬಿಟ್ಟರು. 1881ರಲ್ಲಿ ಬಿಳಿಯರಲ್ಲದವರಿಗೆ ಬೇರೆ ಸಭೆಯೇ ಆಯಿತು. 1948ರಲ್ಲಿ ಸರ್ಕಾರ ವರ್ಣಭೇದ ನೀತಿ ತಂದಾಗ ಆ ಬಿಳಿಯರ ಸಭೆ ಸತ್ಯವೇದ ಹಿಡಿದುಕೊಂಡೇ ಅದಕ್ಕೆ ಬೆಂಬಲ ಕೊಟ್ಟಿತು.

1982ರಲ್ಲಿ ಕೆನಡಾದ ಒಟಾವಾದಲ್ಲಿ ಸೇರಿದ ಜಾಗತಿಕ ಸುಧಾರಿತ ಸಭೆಗಳ ಒಕ್ಕೂಟ ವರ್ಣಭೇದ ಪಾಪ ಎಂದಿತು, ಅದಕ್ಕೆ ದೇವರ ಹೆಸರಿನಲ್ಲಿ ಸಮರ್ಥನೆ ಕೊಡುವುದು ಧರ್ಮದ್ರೋಹ ಎಂದಿತು. ದಕ್ಷಿಣ ಆಫ್ರಿಕಾದ ಎರಡು ಬಿಳಿಯರ ಸಭೆಗಳ ಸದಸ್ಯತ್ವವನ್ನೂ ಅಮಾನತು ಮಾಡಿತು. ಅದೇ ವರ್ಷ ಬೇರೆ ಮಾಡಲ್ಪಟ್ಟವರ ಸಭೆಯೇ ಬೆಲ್ಹಾರ್ ಎಂಬಲ್ಲಿ ಒಂದು ವಿಶ್ವಾಸಪ್ರಮಾಣದ ಕರಡು ಬರೆದು, 1986ರಲ್ಲಿ ಅದನ್ನು ಅಂಗೀಕರಿಸಿತು. ಗಮನಿಸಿ, ಅವರು ಬರೆದದ್ದು ಪ್ರತಿಭಟನೆಯ ಮನವಿಪತ್ರ ಅಲ್ಲ, ವಿಶ್ವಾಸಪ್ರಮಾಣ. ಕಥೊಲಿಕ ಬಂಧುಗಳಿಗೂ ಇದು ಹೊಸದೇನಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಕುಲ, ಬಣ್ಣದ ತಾರತಮ್ಯ ಕ್ರಿಸ್ತನ ಮನಸ್ಸಿಗೆ ವಿರುದ್ಧ ಎಂದು ಸಾರಿದೆ.

ಇದೆಲ್ಲ ದೂರದ ಕಥೆ, ನಮಗೇನು ಎನ್ನಬೇಡಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅದಕ್ಕೂ ಮೊದಲೇ, 1828ರಲ್ಲಿ, ಇಂದಿನ ಘಾನಾಕ್ಕೆ ಹೋಗಿತ್ತು. ಇಲ್ಲಿ ಆ ಮಿಶನ್‌ನ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರ ಪತ್ರಿಕೆ ಹೊರತಂದ 1843ರಲ್ಲೇ, ಜಮೈಕ ಮತ್ತು ಆಂಟಿಗುವಾದ ಕರಿಯ ಕ್ರೈಸ್ತ ಕುಟುಂಬಗಳು ಅದೇ ಮಿಶನ್ ಜೊತೆ ಘಾನಾದ ಅಕ್ರೊಪಾಂಗ್‌ಗೆ ಬಂದು ನೆಲೆಸಿ ಅಲ್ಲಿಯ ಸಭೆಗೆ ಬುನಾದಿ ಹಾಕಿದವು. ನಾವೂ ಅವರೂ ಒಂದೇ ತಾಯಿಯ ಮಕ್ಕಳು. ಘಾನಾದಿಂದ ಓದಲು ಬಂದ ಹುಡುಗನ ಅಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ಸಭೆಯೂ ನಮ್ಮ ಅಜ್ಜನಿಗೆ ಕೊಟ್ಟ ಸಭೆಯೂ ಒಂದೇ ಇರಬಹುದು.

ಮಿಶನ್‌ನವರು ಕುಂದಿಲ್ಲದವರು ಎಂದು ನಾನು ಹೇಳುತ್ತಿಲ್ಲ. ಘಾನಾದಲ್ಲಿ ದುಡಿದ ಜಿಮ್ಮರ್‌ಮನ್ ಎಂಬ ಮಿಶನರಿ 1851ರಲ್ಲಿ ಕ್ಯಾಥರಿನ್ ಮಲ್‌ಗ್ರೇವ್ ಎಂಬವರನ್ನು ಮದುವೆಯಾದರು. ಚಿಕ್ಕಂದಿನಲ್ಲಿ ಗುಲಾಮರ ಹಡಗಿನವರ ಕೈಗೆ ಸಿಕ್ಕಿ ಜಮೈಕ ಸೇರಿದ್ದ ಆಫ್ರಿಕಾದ ಶಿಕ್ಷಕಿ ಆಕೆ. ಆ ಮದುವೆ ಬಾಸೆಲ್‌ನ ಹಿರಿಯರಿಗೆ ಹಿಡಿಸಲಿಲ್ಲ. ಇತ್ತ ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಹಿಂತಿರುಗಿದರು. ಮುಂದೆ ಅವರು ಮದುವೆಯಾದದ್ದು ಜರ್ಮನ್ ಮಹಿಳೆಯನ್ನು. ಸಭೆಗೆ ಸೇರುವವರು ಜಾತಿ ಬಿಟ್ಟು ಒಂದೇ ಮೇಜಿಗೆ ಬರಬೇಕು ಎಂದು ಇಲ್ಲಿಯ ಮಿಶನ್ ಪಟ್ಟು ಹಿಡಿದಿತ್ತು. ಅದಕ್ಕಾಗಿ ಮನೆ, ಮಠ, ನೆಂಟರನ್ನು ಕಳೆದುಕೊಂಡವರ ಮೊಮ್ಮಕ್ಕಳು ನಾವು. ನಾವೇ ಈಗ ಮದುವೆ ಮಾತುಕತೆಯಲ್ಲಿ ಹುಡುಗಿ ಬೆಳ್ಳಗಿದ್ದಾಳಾ, ಮೂಲದಲ್ಲಿ ಯಾವ ಜಾತಿ ಎಂದು ಮೆತ್ತಗೆ ವಿಚಾರಿಸುತ್ತೇವೆ. ಬಣ್ಣದ ಅಹಂಕಾರವೂ ಜಾತಿಯ ಅಹಂಕಾರವೂ ನಮ್ಮಲ್ಲಿ ಒಟ್ಟಿಗೇ ಬದುಕಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ.

ನಮ್ಮ ಪಕ್ಕದ ಉತ್ತರ ಕನ್ನಡದ ಸಿದ್ದಿಯರನ್ನೂ ನೆನೆಯಬೇಕು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತರಲ್ಪಟ್ಟವರ ವಂಶದವರು ಅವರಲ್ಲಿ ಬಹಳ ಜನ. ತಂದವರು ಕ್ರೈಸ್ತರು. ಇಂದು ಹಳಿಯಾಳ, ಯಲ್ಲಾಪುರದ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಸಿದ್ದಿಯರಿದ್ದಾರೆ. ಅವರು ಮಂಗಳೂರಿನ ಬಸ್ಸು ಹತ್ತಿದರೆ ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುವವರು ನಾವು. ಇದು ನನಗೆ ತುಂಬಾ ನೋವು ಕೊಡುತ್ತದೆ.

ಮಾಲೀಕರು ಕೊಡುವ ಕಾರಣಗಳು ನನಗೂ ಗೊತ್ತು. ಗಲಾಟೆ ಮಾಡುತ್ತಾರೆ, ಡ್ರಗ್ಸ್ ತರುತ್ತಾರೆ ಎನ್ನುತ್ತಾರೆ. ಕಾನೂನು ಮುರಿದವನ ಮೇಲೆ ದೂರು ಕೊಡಿ, ಅವನು ಯಾವ ಊರಿನವನೇ ಆಗಿರಲಿ. ಒಬ್ಬನ ತಪ್ಪಿಗೆ ಒಂದು ಖಂಡದ ಮಕ್ಕಳಿಗೆಲ್ಲ ಬಾಗಿಲು ಹಾಕುವುದು ಯಾವ ನ್ಯಾಯ? ಅಡುಗೆಯ ವಾಸನೆ ಎನ್ನುವವರೂ ಇದ್ದಾರೆ. ನಮ್ಮ ಒಣಮೀನನ್ನು ಬೇರೆ ಊರಿನವರು ಆಡಿಕೊಂಡಾಗ ನಮಗೆ ಎಷ್ಟು ಚುಚ್ಚುತ್ತದೆ! ನಮ್ಮ ಮಕ್ಕಳು ಕೊಲ್ಲಿ ದೇಶಗಳಲ್ಲಿ, ಐರ್ಲೆಂಡ್‌ನಲ್ಲಿ, ಕೆನಡಾದಲ್ಲಿ ಬಾಡಿಗೆ ಮನೆಗೆ ಅಲೆಯುವಾಗ ಅಲ್ಲಿಯವರು ಒಳ್ಳೆಯವರಾಗಿರಲಿ ಎಂದು ನಾವು ದಿನವೂ ಪ್ರಾರ್ಥಿಸುತ್ತೇವೆ.

2011ರ ಜನಗಣತಿ ಪ್ರಕಾರ ಮಿಜೋರಾಂ, ನಾಗಾಲ್ಯಾಂಡ್ ಎರಡರಲ್ಲೂ ನೂರಕ್ಕೆ 87ಕ್ಕಿಂತ ಜಾಸ್ತಿ ಜನ ಕ್ರೈಸ್ತರು. ಅಲ್ಲಿಂದ ಬಂದ ಮಕ್ಕಳು ನಮ್ಮ ಆರಾಧನೆಗಳಲ್ಲಿ ಕೊನೆಯ ಬೆಂಚಿನಲ್ಲಿ ತಾವು ತಾವೇ ಕೂತಿರುತ್ತಾರೆ. ಆರಾಧನೆ ಮುಗಿದ ಮೇಲೆ ಮಾತಾಡಿಸುವವರು ಕಡಿಮೆ. ಕ್ರೈಸ್ತರು ಎಂಬ ಕಾರಣಕ್ಕೇ ಅವರನ್ನು ಹತ್ತಿರ ಮಾಡಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಯೇಸು ಒಳ್ಳೆಯ ನೆರೆಯವನಾಗಿ ತೋರಿಸಿದ ಸಮಾರ್ಯದವನು ಬೇರೆ ಜನಾಂಗದವನು, ಆರಾಧನೆಯ ಕ್ರಮವೂ ಬೇರೆ. ಆದರೆ ಒಂದೇ ರೊಟ್ಟಿ ಮುರಿದು ತಿಂದವರನ್ನೇ ಮನೆಯೊಳಗೆ ಬಿಡದಿದ್ದರೆ, ಆ ಭೋಜನಕ್ಕೆ ನಾವು ಯಾವ ಮುಖ ಇಟ್ಟುಕೊಂಡು ಹೋಗುತ್ತೇವೆ?

ಸಭಾಪಾಲಕರಲ್ಲಿ, ಕಥೊಲಿಕ ಧರ್ಮಗುರುಗಳಲ್ಲಿ ನನ್ನ ಬೇಡಿಕೆ ಇದು. ಮನೆ ಬಾಡಿಗೆ, ಮದುವೆ, ಮೈಬಣ್ಣದ ಈ ವಿಷಯವನ್ನು ಪ್ರಸಂಗದಲ್ಲಿ ನೇರವಾಗಿ ಎತ್ತಿ. ದೃಢೀಕರಣದ ತರಗತಿಯಲ್ಲಿ ಅಂತಿಯೋಕ್ಯದ ಆ ಊಟದ ಜಗಳವನ್ನು ಮಕ್ಕಳಿಗೆ ಕಲಿಸಿ. 1857ರಲ್ಲಿ ಕೇಪ್‌ನವರು ಮಾಡಿದ ಹಾಗೆ ಯಾರ ಮನಸ್ಸಿಗೆ ನೋವಾದೀತು ಎಂದು ಹಿಂಜರಿಯಬೇಡಿ. ಸಭೆಯ ಕಟ್ಟಡ, ಹಾಸ್ಟೆಲು, ಬಾಡಿಗೆ ಕೋಣೆ ಕೊಡುವಾಗ ದೇಶ, ಬಣ್ಣ ನೋಡುವುದಿಲ್ಲ ಎಂದು ಸಮಿತಿಗಳು ನಿರ್ಣಯ ಮಾಡಿ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ನಮ್ಮ ಸಭೆಯ ಮುಂದಿನ ಸಮಿತಿ ಕೂಟಕ್ಕೆ ಈ ನಿರ್ಣಯವನ್ನು ನಾನು ಬರೆದು ಕೊಡುತ್ತಿದ್ದೇನೆ. ಬೇರೆ ಸಭೆಗಳವರೂ ತಮ್ಮಲ್ಲಿ ಕೊಡಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಓದುಗರೊಬ್ಬರು
ಬಲ್ಮಠ, ಮಂಗಳೂರು