ಘಮವಿಲ್ಲದ ಹಬ್ಬುಗುಲಾಬಿ ಬಗ್ಗೆ ದೂರು

ನರ್ಸರಿಯ ವ್ಯವಸ್ಥಾಪಕರಿಗೆ ನಮಸ್ಕಾರ.

ನಾಲ್ಕು ಸಲ ಫೋನ್ ಮಾಡಿದ್ದೇನೆ. ಇನ್ನು ಮಾಡುವುದಿಲ್ಲ.

ಎರಡು ವರ್ಷದ ಹಿಂದೆ ನಿಮ್ಮಲ್ಲಿ ‘ಜೆಫಿರೀನ್ ದ್ರೂಯಾಂ’ ಹಬ್ಬುಗುಲಾಬಿ ಕೊಂಡೆ. 1868ರ ಹಳೆಯ ತಳಿ. ಗಾಢ ಗುಲಾಬಿ ಬಣ್ಣ, ತುಂಬು ಘಮ, ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ. ಅಮ್ಮನಿಗೆ ಕಣ್ಣು ಮಂಜು. ಬಾಗಿಲ ಪಕ್ಕ ಕೂತು, ಕೈಚಾಚಿ ಮುಟ್ಟಿ ಮೂಸಲಿ ಅಂತ ಹುಡುಕಿ ಹುಡುಕಿ ಇದನ್ನೇ ಆರಿಸಿದ್ದೆ. ಗುಲಾಬಿ ತಾನಾಗಿ ಹಿಡಿದು ಹತ್ತುವುದಿಲ್ಲ ಅಲ್ವಾ? ಉದ್ದ ಕೊಂಬೆಗಳನ್ನೆಲ್ಲ ನಾನೇ ಬಾಗಿಸಿ ಅಡ್ಡಕ್ಕೆ ಕಟ್ಟಿದೆ. ಹಾಗೆ ಮಲಗಿಸಿದರೆ ಗೆಣ್ಣುಗೆಣ್ಣಿಗೂ ಚಿಗುರೊಡೆದು ಹೂವು ಜಾಸ್ತಿ ಬರುತ್ತದೆ.

ಈ ವರ್ಷ ಹೂವು ಬಂತು. ಕಡುಗೆಂಪು, ನಡುವೆ ಹಳದಿ ಕೇಸರ. ಕೊಂಬೆಗೆಲ್ಲ ಮುಳ್ಳು. ಬುಡದ ಮಣ್ಣು ಬಿಡಿಸಿ ನೋಡಿದೆ. ಬೇರಿನ ಗಿಡಕ್ಕೆ ಬೇಕಾದ ತಳಿಯನ್ನು ಸೇರಿಸಿ ಕಟ್ಟಿದ ಜಾಗ, ಅಂದರೆ ಕಸಿಗಂಟಿನ ಮೇಲೆ ಒಣಗಿದ ಮೋಟು, ಅದರ ಮೇಲೆ ನೀವು ಹಚ್ಚಿದ ಮೇಣ ಇನ್ನೂ ಹಾಗೇ ಇದೆ. ಒಂದು ಮೊಳಕೆಯೂ ಅದನ್ನು ಒಡೆದು ಬಂದಿಲ್ಲ. ಚಿಗುರೆಲ್ಲ ಗಂಟಿನ ಕೆಳಗಿನದು. ನೋಡಿದರೆ ‘ಡಾಕ್ಟರ್ ಹ್ಯೂಯಿ’, ಕಸಿ ಕಟ್ಟಲು ಬೇರಿಗೆಂದು ಬಳಸುವ ತಳಿ. ಸತ್ತ ಕಸಿಯನ್ನೇ ನನಗೆ ಮಾರಿದ್ದೀರಿ.

ಕೊನೆಯ ಸಲ ಫೋನ್ ಎತ್ತಿದವರು ಕೇಳಿದರು, “ಹೂವು ಮೂಸಿ ನೋಡಿದ್ರಾ?”

“ನೋಡಿದೆ.”

“ಈಗ ಮೂಸಿ, ನಾನು ಲೈನಲ್ಲೇ ಇರ್ತೀನಿ.”

ಫೋನ್ ಹಿಡಿದು ಹೊರಗೆ ಹೋದೆ. ಮೂಸಿದೆ.

“ಬಂತಾ?”

“ಇಲ್ಲ.”

“ಪಕ್ಕದ್ದು ಮೂಸಿ.”

ಅದನ್ನೂ ಮೂಸಿದೆ. ಮುಳ್ಳು ಮಣಿಕಟ್ಟಿಗೆ ಗೀರಿತು.

“ಮೇಡಂ, ನಿಮಗೆ ನೆಗಡಿ ಏನಾದ್ರೂ ಇದೆಯಾ?”

ಹಿಂದಿನಿಂದ ಇಬ್ಬರು ನಕ್ಕರು. ಸ್ಪೀಕರ್ ಹಾಕಿದ್ದಾರೆ ಅಂತ ಆಗ ಗೊತ್ತಾಯಿತು. ಪಕ್ಕದಲ್ಲೇ ಕೂತಿದ್ದ ಅಮ್ಮ, “ಬಿಡೇ, ಯಾವ ಹೂವಾದರೇನು” ಅಂದಳು. ನನಗೆ ಅಳು ಬಂತು.

ಗಂಟಿನ ಕೆಳಗಿನ ಚಿಗುರು ಕಿತ್ತುಹಾಕಿ ಅಂತ ನಿಮ್ಮ ಚೀಟಿಯಲ್ಲೇ ಇದೆ. ಕಿತ್ತರೆ ನನ್ನ ಗಿಡದಲ್ಲಿ ಉಳಿಯುವುದೇನು? ತಳಿ ತಪ್ಪಾದರೆ ಬದಲಿಸಿಕೊಡುತ್ತೇವೆ ಎಂಬ ಸಾಲೂ ಅದರಲ್ಲೇ ಇದೆ. ಬದಲಿಸಿಕೊಟ್ಟರೂ ಅಮ್ಮ ಕಾದ ಎರಡು ವರ್ಷ ವಾಪಸ್ ಬರುವುದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಅದಕ್ಕೂ ಮೊದಲು ಈ ಗಿಡವನ್ನು ಬೇರುಸಮೇತ ಅಗೆದು, ನಿಮ್ಮ ಚೀಟಿ ಸಮೇತ ತಂದು ನಿಮ್ಮ ಕೌಂಟರ್ ಮೇಲೆ ಇಡುತ್ತೇನೆ. ಬಂದ ಗಿರಾಕಿಗಳೆಲ್ಲ ಮೂಸಿ ನೋಡಲಿ.

ಇತಿ,
ನಿಮ್ಮ ಗಿರಾಕಿ